ಪ್ರಸ್ತಾರ ಅಂದರೇನು, ತಾತ?

ಹತ್ತನೇ ತರಗತಿಯ ಮೊಮ್ಮಗಳು ಮೊನ್ನೆ ಕನ್ನಡ ಪುಸ್ತಕ ಮುಚ್ಚಿಟ್ಟು, "ತಾತ, ಪರೀಕ್ಷೇಲಿ ಪ್ರಸ್ತಾರ ಹಾಕೋ ಪ್ರಶ್ನೆ ಬಿಟ್ಟುಬಿಡ್ತೀನಿ. ಬಟ್ಟಲು ಬರಿ, ಗೆರೆ ಎಳಿ, ಅಷ್ಟೇ. ಅರ್ಥವೇ ಇಲ್ಲ" ಅಂದಳು. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ. ನಾನು ಕಲಿತದ್ದೂ ಅಷ್ಟೇ. ನಿವೃತ್ತಿಯಾದ ಮೇಲೆ ಛಂದಸ್ಸಿನ ಪುಸ್ತಕ ತಿರುವಿದಾಗಲೇ ಆ ಪದದ ಒಳಗು ತಿಳಿದದ್ದು.

ಪ್ರಸ್ತಾರ ಎಂದರೆ ಹರಡುವುದು. ಪಿಂಗಳನ ಛಂದಶ್ಶಾಸ್ತ್ರದಲ್ಲಿ, ನಮ್ಮ ನಾಗವರ್ಮನ 'ಛಂದೋಂಬುಧಿ'ಯಲ್ಲಿ ಅದು ಒಂದು ಲೆಕ್ಕದ ಹೆಸರು. ಇಂತಿಷ್ಟು ಅಕ್ಷರಗಳಲ್ಲಿ ಲಘು ಗುರುಗಳು ಎಷ್ಟು ಬಗೆಯಲ್ಲಿ ಕೂರಬಹುದೋ ಅಷ್ಟನ್ನೂ, ಒಂದೂ ತಪ್ಪದಂತೆ, ಸಾಲಾಗಿ ಬರೆಯುವುದು. ಮೂರು ಅಕ್ಷರಕ್ಕೆ ಎಂಟು ಸಾಲು ಬರುತ್ತವೆ. 'ಯಮಾತಾರಾಜಭಾನಸಲಗಂ' ಎಂದು ಬಾಯಿಪಾಠ ಮಾಡುತ್ತೀರಲ್ಲ, ಆ ಎಂಟು ಗಣಗಳು ಇವೇ.

ಮೊಮ್ಮಗಳು ನಂಬಲಿಲ್ಲ. ಚಿಲ್ಲರೆ ಡಬ್ಬಿ ತರಿಸಿದೆ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ಹಾಗಾಗಿ ಲಘು ಒಂದು ರೂಪಾಯಿ ನಾಣ್ಯ, ಗುರು ಎರಡು ರೂಪಾಯಿಯದು. ನಾಲ್ಕು ರೂಪಾಯಿಯನ್ನು ಎಷ್ಟು ಬಗೆಯಲ್ಲಿ ಸಾಲಾಗಿ ಜೋಡಿಸಬಹುದು? ಎರಡು-ಎರಡು, ಒಂದು-ಒಂದು-ಎರಡು, ಒಂದು-ಎರಡು-ಒಂದು, ಎರಡು-ಒಂದು-ಒಂದು, ನಾಲ್ಕೂ ಒಂದೊಂದು. ಒಟ್ಟು ಐದು. ಕಂದಪದ್ಯದಲ್ಲಿ ಬರುವ ನಾಲ್ಕು ಮಾತ್ರೆಯ ಗಣಗಳೂ ಐದೇ. ಮೂರು ರೂಪಾಯಿಗೆ ಮೂರು ಬಗೆ, ಐದಕ್ಕೆ ಎಂಟು.

"ಆರಕ್ಕೆ?" ಅಂದೆ. ಅವಳು ನಾಣ್ಯಕ್ಕೆ ಕೈಹಾಕಿದಳು. ಬೇಡ, ಕೊನೆಯ ನಾಣ್ಯ ನೋಡು ಅಂದೆ. ಅದು ಎರಡು ರೂಪಾಯಿಯದಾದರೆ ಮುಂದೆ ಉಳಿದದ್ದು ನಾಲ್ಕು, ಅದಕ್ಕೆ ಐದು ಬಗೆ. ಒಂದು ರೂಪಾಯಿಯದಾದರೆ ಉಳಿದದ್ದು ಐದು, ಅದಕ್ಕೆ ಎಂಟು. ಕೂಡಿಸಿದರೆ ಹದಿಮೂರು. ಹಿಂದಿನ ಎರಡು ಸಂಖ್ಯೆ ಕೂಡಿದರೆ ಮುಂದಿನದು! "ಇದು ಫಿಬೊನಾಚಿ ಅಲ್ವಾ ತಾತ?" ಹೌದು. ಇಟಲಿಯ ಆತನ ಪುಸ್ತಕ 1202ರದು. ಗುಜರಾತಿನ ಜೈನ ಪಂಡಿತ ಹೇಮಚಂದ್ರ ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲೇ ಪದ್ಯದ ಮಾತ್ರೆ ಎಣಿಸುತ್ತ ಇದನ್ನು ಹೇಳಿದ್ದ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ 'ಸ್ವರಪ್ರಸ್ತಾರ' ಎನ್ನುವುದನ್ನು ಅಜ್ಜಂದಿರು ಕೇಳಿರುತ್ತೀರಿ. ಗಾಯಕರು ರಾಗದ ಸ್ವರಗಳನ್ನು ಅಲ್ಲಲ್ಲೇ ಹೊಸ ಹೊಸದಾಗಿ ಹೆಣೆದು ಹರಡುವುದು. ಶಾಸ್ತ್ರದಲ್ಲಿ ಇದೂ ಲೆಕ್ಕವೇ. ಸ ರಿ ಗ ಮ ನಾಲ್ಕನ್ನೇ ಒಂದೊಂದು ಸಲ ಬರುವಂತೆ 24 ಬಗೆಯಲ್ಲಿ ಜೋಡಿಸಬಹುದು, ಏಳೂ ಸ್ವರಗಳನ್ನು 5040 ಬಗೆಯಲ್ಲಿ. ಅಷ್ಟನ್ನೂ ಹಾಡಿದರೆ ಪೆಂಡಾಲಿನಲ್ಲಿ ಬೆಳಗಾಗುತ್ತದೆ!

ದೇವಸ್ಥಾನದಲ್ಲಿ ಕಂಬಗಳ ಮೇಲೆ ಕೂರುವ ತೊಲೆ, ಕಪೋತಗಳ ಪಟ್ಟಿಗೆ 'ಪ್ರಸ್ತರ' ಎನ್ನುತ್ತಾರೆ. ಅಲ್ಲಿ ದೀರ್ಘವಿಲ್ಲ, ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ.

ಮೊಮ್ಮಗಳು ಆಗಲೇ ಏಳು ರೂಪಾಯಿಗೆ ಹೊರಟಿದ್ದಳು. ಹನ್ನೆರಡನೆಯ ಸಾಲಿಗೆ ಡಬ್ಬಿ ಖಾಲಿಯಾಯಿತು. "ತಾತ, ಒಂದು ರೂಪಾಯಿಗಳು ಇನ್ನೂ ಇದ್ದರೆ ಕೊಡು" ಎಂದು ಕೈ ಚಾಚಿದಳು.