ಮಡ್ಡಿ ಹೊಲದಲ್ಲಿ ಗರಸು ತೆಗೆಸುವ ಮುನ್ನ



ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಕೃಷ್ಣಾ, ಘಟಪ್ರಭಾ ದಂಡೆಯ ಎರೆಭೂಮಿ ಕಬ್ಬಿಗೆ ಹೆಸರಾಗಿದೆ. ದಿನ್ನೆಯ ಮಡ್ಡಿ ಹೊಲಗಳಲ್ಲಿ ಗರಸು ಸಿಗುತ್ತದೆ. ರಸ್ತೆಗೂ ಮನೆಯ ಅಡಿಪಾಯಕ್ಕೂ ಅದು ಬೇಕು. ಬೆಳೆ ಬಾರದ ಜಮೀನಿನಿಂದ ನಾಲ್ಕು ಕಾಸು ಬಂದರೆ ಬೇಡವೆನ್ನುವವರು ಯಾರು? ಆದರೆ ತೆಗೆದ ಗರಸು ಮರಳಿ ಬಾರದು. ಒಪ್ಪಿಗೆ ಕೊಡುವ ಮುನ್ನ ಕೆಳಗಿನ ಅಂಶಗಳನ್ನು ಪರೀಕ್ಷಿಸಿರಿ.

ನೀರು: ಗರಸಿನ ಪದರು ಮಳೆನೀರನ್ನು ಹೀರಿ ತಗ್ಗಿನ ಬಾವಿಗಳಿಗೆ ಕೊಡುತ್ತದೆ. ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಳೆದು ಬರೆದಿಡಿರಿ. ಗುಂಡಿಯ ತಳ ಮಳೆಗಾಲದ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಬೇಕು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದ ಈ ಭಾಗದ ರೈತರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ.

ಹಳ್ಳ ಮತ್ತು ಒಡ್ಡು: ಹಳ್ಳದ ದಂಡೆ, ಒಡ್ಡು, ಬಾವಿ, ದಾರಿ ಇವುಗಳಿಂದ ಗುಂಡಿ ದೂರವಿರಲಿ. ದೊಡ್ಡ ಮಳೆಗೆ ಹಳ್ಳ ಗುಂಡಿಗೆ ನುಗ್ಗಿದರೆ ನೆರೆಯವರ ಹೊಲವೂ ಕೊಚ್ಚಿಹೋಗುತ್ತದೆ.

ಗಾಳಿ: ಮಳೆಗಾಲದಲ್ಲಿ ಗಾಳಿ ನೈಋತ್ಯದಿಂದ, ಚಳಿಗಾಲದಲ್ಲಿ ಮೂಡಣದಿಂದ ಬೀಸುತ್ತದೆ. ಗಾಳಿಯ ದಿಕ್ಕಿಗೆ ಊರು, ದ್ರಾಕ್ಷಿ ತೋಟ ಅಥವಾ ಜೋಳದ ಹೊಲವಿದೆಯೇ ನೋಡಿರಿ. ಎಲೆಯ ಮೇಲೆ ಧೂಳು ಕುಳಿತರೆ ಬೆಳೆ ಸೊರಗುತ್ತದೆ. ಬದುವಿನಲ್ಲಿ ಬೇವು, ಹೊಂಗೆ ಹಚ್ಚಿರಿ. ದಾರಿಗೆ ನೀರು ಹೊಡೆಯಿಸಿರಿ.

ಅಗೆತ: ಮೇಲಿನ ಒಂದು ಅಡಿ ಮಣ್ಣನ್ನು ಮೊದಲು ಬೇರೆಯಾಗಿ ಒಟ್ಟಿಸಿರಿ. ಕೊನೆಗೆ ಹೊಲವನ್ನು ಹೊಲವಾಗಿ ಉಳಿಸುವುದು ಅದೇ. 1961ರ ಗಣಿ ನಿಯಮಾವಳಿಯಂತೆ ಗರಸಿನ ಗೋಡೆ 45 ಡಿಗ್ರಿಗಿಂತ ಕಡಿದಾಗಿರಬಾರದು, ಇಲ್ಲವೇ 1.5 ಮೀಟರಿಗಿಂತ ಎತ್ತರವಲ್ಲದ, ಎತ್ತರದಷ್ಟಾದರೂ ಅಗಲವಿರುವ ಮೆಟ್ಟಿಲುಗಳಿರಬೇಕು. ನೆಟ್ಟನೆಯ ಗೋಡೆ ಕುಸಿದು ಆಳುಗಳು ಸಿಕ್ಕಿಕೊಳ್ಳುವ ಅಪಾಯವಿದೆ.

ಕಾಗದಪತ್ರ: ಪಟ್ಟಾ ಜಮೀನಾದರೂ ಗರಸು ಮಾರಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. 5 ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಒಂದು ಎಕರೆಯನ್ನು 1.5 ಮೀಟರ್ ಅಗೆದರೆ ಸುಮಾರು 6,000 ಘನ ಮೀಟರ್ ಮಾಲು ಹೊರಡುತ್ತದೆ. ಬೆಲೆ ಮಾತನಾಡುವಾಗ ಈ ಲೆಕ್ಕ ನಿಮ್ಮ ಕೈಯಲ್ಲಿರಲಿ. ಎಷ್ಟು ಆಳ, ಎಷ್ಟು ಅವಧಿ, ಬೇಲಿ ಯಾರು ಹಾಕಬೇಕು, ಮಣ್ಣು ಯಾರು ಮರಳಿ ಹರಡಬೇಕು ಎಂಬುದನ್ನು ಕರಾರಿನಲ್ಲಿ ಬರೆಸಿರಿ. ಬಾಯಿಮಾತು ಸಾಲದು.

ಕೆಲಸ ಮುಗಿದ ಮೇಲೆ: ಗುಂಡಿಯಲ್ಲಿ ಚೊಕ್ಕ ಮಳೆನೀರು ಇಂಗಿದರೆ ಬಾವಿಗೆ ಒಳ್ಳೆಯದು. ಊರಿನ ಕೊಳಚೆ, ಕಾರ್ಖಾನೆಯ ಹೊಲಸು ನೀರು ಅಲ್ಲಿ ಬಿದ್ದರೆ ಅದೂ ಬಾವಿಗೇ ಇಳಿಯುತ್ತದೆ. ಕೃಷಿಹೊಂಡ ಮಾಡುವುದಾದರೆ ತಳಕ್ಕೆ, ಬದಿಗೆ ಎರೆಮಣ್ಣು ಬಡಿಯಿಸಿರಿ. ಬರಿಯ ಗರಸಿನಲ್ಲಿ ನೀರು ನಿಲ್ಲದು. ದನಕರು, ಮಕ್ಕಳು ಬೀಳದಂತೆ ಬೇಲಿ ಇರಲೇಬೇಕು.

ಬಾಡಿಗೆ ಒಂದೆರಡು ವರ್ಷದ್ದು, ಬಾವಿ ಮೊಮ್ಮಕ್ಕಳದು. ಅಳೆದು ನೋಡಿ, ಆಮೇಲೆ ಸಹಿ ಹಾಕಿರಿ.