ವಿಷಕ್ಕೆ ಔಷಧಿ ಎಂಬ ಹೆಸರು

ಗೂಗಲ್‌ನಲ್ಲಿ ‘ಕಡಬ’ ಎಂದು ಹುಡುಕಿದರೆ ನಮ್ಮೂರಿಗಿಂತ ಮೊದಲು ದಕ್ಷಿಣ ಕನ್ನಡದ ಕಡಬ ಬರುತ್ತದೆ. ನಮ್ಮದು ಗುಬ್ಬಿ ತಾಲ್ಲೂಕಿನ ಕಡಬ. ಶಿಂಷೆಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಕೆರೆ, ತೆಂಗು, ಅಡಿಕೆ, ರಾಗಿ ಹೊಲ, ಇಷ್ಟೇ. ಹೆಸರು ಒಂದೇ ಆದ ಕಾರಣಕ್ಕೆ ಆ ಕಡಬದ ಸುದ್ದಿಗಳೂ ನನ್ನ ಮೊಬೈಲ್‌ಗೆ ಬಂದು ಬೀಳುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಪದ ಎಂಡೋಸಲ್ಫಾನ್.

ಗೇರು ತೋಟದ ಟೀ ಸೊಳ್ಳೆಯನ್ನು ಕೊಲ್ಲಲು ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ವಿಷ ಅದು. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್‌ನ ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಅದು ಸುರಿಯಿತು. ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳಿದ್ದ ಕೊಕ್ಕಡದ ಕಡೆಯೂ ಅದೇ ಕಥೆ. ಕಾಸರಗೋಡಿನ ಪಡ್ರೆ, ಸ್ವರ್ಗ ಊರುಗಳಲ್ಲಿ ಮಕ್ಕಳಿಗೆ ಏನೋ ಆಗುತ್ತಿದೆ ಎಂದು ಮೊದಲು ಗುರುತಿಸಿದವರು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್. ಅದನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆ ಪ್ರಮುಖರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ ನಿಲ್ಲಿಸಿದ್ದು 2011ರ ಮೇ 13ರಂದು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಆದೇಶಿಸಿದ್ದು 2017ರ ಜನವರಿಯಲ್ಲಿ. ಅಷ್ಟರಲ್ಲಿ ಎಷ್ಟೋ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾಗಿದ್ದರು. ಅಂಥವರಿಗೆ ಕೊಕ್ಕಡ, ಕೊಯ್ಲಗಳಲ್ಲಿ ಪಾಲನಾ ಕೇಂದ್ರಗಳನ್ನು ತೆರೆಯಬೇಕಾಯಿತು.

ನಮ್ಮ ಬಯಲುಸೀಮೆಯ ಆಕಾಶದಲ್ಲಿ ಅಂಥ ಹೆಲಿಕಾಪ್ಟರ್ ಹಾರಾಡಿದ್ದನ್ನು ಯಾರೂ ಹೇಳಿದ್ದು ಕೇಳಿಲ್ಲ. ಹಾಗೆಂದು ನೆಮ್ಮದಿಯಾಗಿರುವಂತಿಲ್ಲ. ನಮ್ಮಲ್ಲಿ ವಿಷ ಬರುವುದು ಬೈಕಿನ ಹ್ಯಾಂಡಲ್‌ಗೆ ನೇತುಹಾಕಿದ ಪ್ಲಾಸ್ಟಿಕ್ ಕವರಿನಲ್ಲಿ. ಬಂದು ಕೂರುವುದು ಬಚ್ಚಲ ಗೂಡಿನಲ್ಲೋ, ಕೊಟ್ಟಿಗೆಯ ತೊಲೆಯ ಮೇಲೋ, ಎಷ್ಟೋ ಮನೆಗಳಲ್ಲಿ ರಾಗಿ ಮೂಟೆಯ ಪಕ್ಕದಲ್ಲೋ. ನಮ್ಮ ಕಡೆ ಯಾರೂ ಅದನ್ನು ವಿಷ ಎನ್ನುವುದೂ ಇಲ್ಲ. ‘ಅವರೆಗೆ ಔಷಧಿ ಹೊಡೀಬೇಕು’, ‘ಔಷಧಿ ಪಂಪು ಯಾರ ಮನೇಲೈತೆ?’ ಎನ್ನುತ್ತೇವೆ. ಜ್ವರಕ್ಕೆ ಕುಡಿಸುವ ಸಿರಪ್ಪೂ ಔಷಧಿ, ಕಾಯಿಕೊರಕಕ್ಕೆ ಹೊಡೆಯುವುದೂ ಔಷಧಿ. ಮೂರು ವರ್ಷದ ಮಗುವಿಗೆ ಎರಡರ ವ್ಯತ್ಯಾಸ ತಿಳಿಯುವುದು ಹೇಗೆ? ಅದರಲ್ಲೂ ಉಳಿದ ಅರ್ಧ ಲೀಟರನ್ನು ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಇಟ್ಟಿದ್ದರೆ?

ಖಾಲಿ ಡಬ್ಬಿಯ ಕಥೆ ಇನ್ನೂ ಘೋರ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್. ಕೀಟನಾಶಕ ಇಟ್ಟಿದ್ದ ಡಬ್ಬಿಯಲ್ಲೇ ಎಣ್ಣೆ ತುಂಬಿದ್ದರು ಎಂಬುದು ಆಗಿನ ವರದಿ. ನಮ್ಮ ಕಡೆ ಖಾಲಿ ಕ್ಯಾನುಗಳು ಸೀಮೆಎಣ್ಣೆಗೆ, ಡೀಸೆಲ್‌ಗೆ, ಒಮ್ಮೊಮ್ಮೆ ದನಕ್ಕೆ ನೀರು ಹೊರಲು ಬಳಕೆಯಾಗುವುದನ್ನು ನೋಡದವರು ಯಾರು? ಎಷ್ಟು ತೊಳೆದರೂ ಅದು ನೀರಿನ ಕ್ಯಾನು ಆಗುವುದಿಲ್ಲ. ತೂತು ಮಾಡಿ ಬಿಸಾಡಬೇಕು, ಅದೂ ಕೆರೆ, ಬಾವಿಯಿಂದ ದೂರ. ಸುಡಬಾರದು, ಹೊಗೆಯೂ ವಿಷವೇ.

ಅದೇ ಮೊನೊಕ್ರೊಟೊಫಾಸ್ ನಮ್ಮ ತೆಂಗಿನ ತೋಟಗಳಿಗೂ ಹಳೆಯ ಪರಿಚಯ. ನುಸಿ ಪೀಡೆ, ಕಪ್ಪುತಲೆ ಹುಳು ಬಂದಾಗ ಎಳೆಯ ಬೇರನ್ನು ಓರೆಯಾಗಿ ಕತ್ತರಿಸಿ, ಔಷಧಿ ಬೆರೆಸಿದ ನೀರು ತುಂಬಿದ ಪುಟ್ಟ ಕವರನ್ನು ಅದಕ್ಕೆ ಕಟ್ಟುತ್ತಿದ್ದರು. ಕಟ್ಟುವುದು ನೆಲದ ಮಟ್ಟದಲ್ಲಿ, ಅಂದರೆ ತೋಟದ ಮನೆಯ ಮಗು ಅಂಬೆಗಾಲಿಡುವ ಎತ್ತರದಲ್ಲಿ. ಕಾಯಿ ಕಿತ್ತ ಮೇಲೆಯೇ ಕಟ್ಟಬೇಕು, ಆಮೇಲೆ 45 ದಿನ ಆ ಮರದ ಎಳನೀರು ಮುಟ್ಟಬಾರದು ಎನ್ನುತ್ತಿದ್ದರು. ರಜೆಗೆ ಬಂದ ಮೊಮ್ಮಕ್ಕಳಿಗೆ ಎಳನೀರು ಇಳಿಸುವಾಗ ಯಾವ ಅಜ್ಜ ದಿನ ಎಣಿಸುತ್ತಾರೋ! ಕಪ್ಪುತಲೆ ಹುಳುವನ್ನು ತಿನ್ನುವ ಪರೋಪಜೀವಿ ಕೀಟಗಳನ್ನು ತೋಟಗಾರಿಕೆ ಇಲಾಖೆಯವರು ಸಾಕುತ್ತಾರೆ. ಬೇವಿನ ಔಷಧಿಯನ್ನೂ ಬೇರಿಗೆ ಕೊಡಬಹುದು. ಕೇಳಿ ತರುವ ತಾಳ್ಮೆ ಬೇಕಷ್ಟೇ.

ಮಕ್ಕಳ ದೇಹ ಚಿಕ್ಕದು, ಆದರೆ ತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಹೆಚ್ಚು ನೀರು ಕುಡಿಯುತ್ತಾರೆ. ನೆಲದ ಮೇಲೇ ಆಡುತ್ತಾರೆ, ಬೆರಳು ಬಾಯಲ್ಲೇ ಇರುತ್ತದೆ. ಸಿಂಪಡಿಸಿ ಬಂದ ಅಪ್ಪನ ಅಂಗಿಗೆ ಓಡಿ ಹೋಗಿ ತಬ್ಬಿಕೊಳ್ಳುತ್ತಾರೆ. ಆ ಅಂಗಿ ತೊಟ್ಟಿಯ ಹತ್ತಿರವೇ ಬಿಚ್ಚಬೇಕು, ಮಗುವಿನ ಬಟ್ಟೆ ಜತೆ ನೆನೆಹಾಕಬಾರದು, ಸ್ನಾನ ಆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ಇದನ್ನು ಅಪ್ಪನಿಗೆ ಹೇಳುವುದು ಕಷ್ಟ. ನಾನು ಪ್ರಯತ್ನಿಸಿದಾಗ ಬಂದ ಉತ್ತರ, ‘ಮೂವತ್ತು ವರ್ಷದಿಂದ ಹೊಡೀತಿದೀನಿ, ನಂಗೇನಾಗೈತೆ?’ ವಾದ ಬಿಟ್ಟು ಬಚ್ಚಲ ಹೊರಗೆ ಒಂದು ಗೂಟ ಹೊಡೆದೆ. ಈಗ ಅಂಗಿ ಅಲ್ಲೇ ತೂಗುತ್ತದೆ. ದೊಡ್ಡಪ್ಪನ ಮನೆಯಲ್ಲಿ ಹಳೇ ಟ್ರಂಕಿಗೆ ಬೀಗ ಜಡಿದು ಔಷಧಿಯನ್ನೆಲ್ಲ ಅದರೊಳಗೆ ಹಾಕಿದ್ದಾರೆ. ಬೀಗದ ಕೈ ಅವರ ಉಡಿದಾರದಲ್ಲಿದೆ. ‘ದುಡ್ಡಿಗೇ ಇಷ್ಟು ಬಂದೋಬಸ್ತು ಮಾಡಿರಲಿಲ್ಲ’ ಎಂದು ಗೊಣಗುತ್ತಾರೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡುವ ಕೆಲಸ ಮನೆಯಲ್ಲಿ ಓದಿದವರದ್ದೇ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೆ ಕುಡಿಯಬಹುದು ಎಂದಲ್ಲ. ನಿಷೇಧವಾದ ಹಳೆಯ ಮಾಲು ಇದೆಯೇ ಎಂದೂ ನೋಡಿ. ಫೋರೇಟ್, ಡೈಕ್ಲೋರ್ವಾಸ್ 2020ರ ಕೊನೆಗೇ ನಿಷೇಧವಾಗಿವೆ, ಆದರೆ ಅಟ್ಟದ ಮೇಲಿರುವ ಪೊಟ್ಟಣಕ್ಕೆ ಅದು ಗೊತ್ತಿಲ್ಲ.

ಪೇಟೆಯವರೂ ಹೊರತಲ್ಲ. ತುಮಕೂರಿನ ಪಿ.ಜಿ.ಗಳಲ್ಲಿ ತಿಗಣೆಗೆ ಹೊಡೆಯುವ ಸ್ಪ್ರೇ, ಇರುವೆ ಸಾಲಿಗೆ ಎಳೆಯುವ ಸೀಮೆಸುಣ್ಣ ಎಲ್ಲವೂ ಇದೇ ಜಾತಿಯವು. ಸ್ಲೇಟಿನ ಬಳಪಕ್ಕೂ ಆ ಸೀಮೆಸುಣ್ಣಕ್ಕೂ ಮಗುವಿನ ಕಣ್ಣಿಗೆ ಏನು ವ್ಯತ್ಯಾಸ? ಡೆಂಗಿ ಕಾಲದಲ್ಲಿ ಬೀದಿಗೆ ಬರುವ ಹೊಗೆ ಯಂತ್ರದ ಹಿಂದೆ ಮಕ್ಕಳು ಕೇಕೆ ಹಾಕುತ್ತಾ ಓಡುವುದು ನೋಡಲು ಚೆಂದ. ಅದು ಡೀಸೆಲ್‌ಗೆ ಕೀಟನಾಶಕ ಬೆರೆಸಿದ ಹೊಗೆ. ಮೊದಲೇ ಮೈಕಿನಲ್ಲಿ ಕೂಗಿ ಹೇಳಿಸಿ ಎಂದು ಪಂಚಾಯಿತಿಯನ್ನು ಕೇಳಲು ಹಣವೇನೂ ಬೇಕಿಲ್ಲ.

ಇಷ್ಟಾಗಿಯೂ ಮಗು ಏನಾದರೂ ಕುಡಿದರೆ, ಮೈಮೇಲೆ ಚೆಲ್ಲಿಕೊಂಡರೆ? ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಏದುಸಿರು, ಇವು ಲಕ್ಷಣಗಳು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಿಷ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಟ್ಟೆ ಬಿಚ್ಚಿ ಸೋಪಿನಲ್ಲಿ ಮೈ ತೊಳೆದು 108ಕ್ಕೆ ಕರೆ ಮಾಡಿ. ಡಬ್ಬಿಯನ್ನೂ ಜತೆಗೆ ಒಯ್ಯಿರಿ, ಯಾವ ವಿಷ ಎಂದು ತಿಳಿದರೆ ಡಾಕ್ಟರ ಅರ್ಧ ಗಂಟೆ ಉಳಿಯುತ್ತದೆ. ಇಲಿ ಪೇಸ್ಟ್ ತಿಂದಿದ್ದರಂತೂ ಮಗು ಆಡಿಕೊಂಡಿದೆ ಎಂದು ಕಾಯಬೇಡಿ. ಅದರಲ್ಲಿರುವ ಹಳದಿ ರಂಜಕ ಒಂದೆರಡು ದಿನ ಸುಮ್ಮನಿದ್ದು, ಆಮೇಲೆ ಯಕೃತ್ತಿಗೆ ಕೈ ಹಾಕುತ್ತದೆ.