ಹವಳದ ದಿಬ್ಬದ ಮೇಲೆ ತೆರೆಗಳು, ಉಬ್ಬರ–ಇಳಿತ



ಲಕ್ಷದ್ವೀಪದ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡಿನಂತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಕಿರಿಯರಲ್ಲಿ ಹಲವರಿಗೆ ಇದು ತಿಳಿದಿರಲಾರದು. ಈ ದ್ವೀಪಗಳ ಬಹುಭಾಗ ಕಡಲ ಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರ. ಮಳೆಗಾಲದ ಕಡಲಿನಿಂದ ಅವುಗಳನ್ನು ಕಾಯುವುದು ಸುತ್ತಲಿನ ಹವಳದ ದಿಬ್ಬ. ಅದು ಹೇಗೆಂದು ನೋಡೋಣ.

ದಿಬ್ಬದ ಹೊರಗೆ ಆಳ ಕಡಲು, ಒಳಗೆ ಆಳವಿಲ್ಲದ ಲಗೂನ್. ಹೊರಗಿನಿಂದ ಬಂದ ತೆರೆ ದಿಬ್ಬದ ಅಂಚಿನಲ್ಲಿ ಒಡೆದು ನೀರನ್ನು ಮುಂದೆ ತಳ್ಳುತ್ತದೆ. ಹಾಗಾಗಿ ದಿಬ್ಬದ ಮೇಲಿನ ನೀರು ಹೊರಗಿನ ಕಡಲಿಗಿಂತ ತುಸು ಏರಿ ಲಗೂನಿಗೆ ಹರಿಯುತ್ತದೆ. ದಿಬ್ಬದ ನಡುವಿನ ಕಂಡಿಗಳ ಮೂಲಕ ಮತ್ತೆ ಕಡಲು ಸೇರುತ್ತದೆ. ಹವಳಕ್ಕೆ ಆಹಾರ ತಂದುಕೊಡುವುದೂ ಬಿಸಿಲಿಗೆ ಕಾದ ನೀರನ್ನು ಹೊರಹಾಕುವುದೂ ಈ ಹರಿವೇ.

ತೆರೆ ಎಷ್ಟು ಒಳಗೆ ಬರಬೇಕೆಂದು ತೀರ್ಮಾನಿಸುವುದು ಉಬ್ಬರ–ಇಳಿತ. ಇಳಿತದಲ್ಲಿ ದಿಬ್ಬದ ಮೇಲೆ ನೀರು ಕಡಿಮೆ. ತೆರೆಯ ಬಲವೆಲ್ಲ ಹೆಚ್ಚುಕಡಿಮೆ ಅಂಚಿನಲ್ಲೇ ಮುಗಿಯುತ್ತದೆ. ಉಬ್ಬರದಲ್ಲಿ ನೀರು ಹೆಚ್ಚಿ, ದೊಡ್ಡ ತೆರೆಗಳು ಪೂರ್ತಿ ಒಡೆಯದೆ ದಾಟಿಬರುತ್ತವೆ.

ನೀರು ಇಳಿಯುವಾಗ ಕಂಡಿಗಳಲ್ಲಿ ಇನ್ನೊಂದು ಅಪಾಯವಿದೆ. ಲಗೂನಿನ ನೀರು ರಭಸದಿಂದ ಹೊರಡುತ್ತದೆ. ಅದಕ್ಕೆ ಎದುರಾದ ತೆರೆ ಕಡಿದಾಗಿ ಎದ್ದು ಒಡೆಯುತ್ತದೆ. ನಮ್ಮ ಹೊಳೆಗಳ ಅಳಿವೆಬಾಗಿಲಲ್ಲಿ ಇಳಿತದ ಹೊತ್ತಿಗೆ ದೋಣಿ ದಾಟಿಸುವುದು ಕಷ್ಟವಾಗುವುದೂ ಇದೇ ಕಾರಣಕ್ಕೆ.

ಜಗತ್ತಿನ ನಾನಾ ದಿಬ್ಬಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ತೆರೆಗಳ ಶಕ್ತಿಯಲ್ಲಿ ಸರಾಸರಿ ಶೇಕಡಾ 97ರಷ್ಟನ್ನು ದಿಬ್ಬಗಳು ತಗ್ಗಿಸುತ್ತವೆ. ಜೀವಂತ ಹವಳದ ಒರಟು ಮೈಗೂ ಇದರಲ್ಲಿ ಪಾಲಿದೆ. ಆದರೆ 1998, 2010, 2016ರಲ್ಲಿ ಕಡಲು ಬಿಸಿಯಾಗಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು, ಬಹಳಷ್ಟು ಸತ್ತಿತು. ಸತ್ತ ಹವಳ ಮುರಿದು ದಿಬ್ಬ ಸವೆದರೆ, ಜೊತೆಗೆ ಕಡಲ ಮಟ್ಟವೂ ಏರಿದರೆ, ಇಳಿತದ ಹೊತ್ತಿನಲ್ಲೂ ಉಬ್ಬರದಷ್ಟೇ ತೆರೆ ಒಳಬರುತ್ತದೆ. ದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದ ಹುಟ್ಟಿಬರುವ ಕಳ್ಳಕ್ಕಡಲ್ ಹುಣ್ಣಿಮೆ–ಅಮಾವಾಸ್ಯೆಯ ಉಬ್ಬರಕ್ಕೆ ಕೂಡಿಬಂದರೆ ದ್ವೀಪದವರಿಗೆ ಓಡಿಹೋಗಲು ಗುಡ್ಡವೇ ಇಲ್ಲ.

ಕಲ್ಲಿನ ತಡೆಗೋಡೆ ಕುಸಿದರೆ ಮತ್ತೆ ಹಣ ಹಾಕಿ ಕಟ್ಟಬೇಕು. ಹವಳ ಬದುಕಿದ್ದರೆ ತಾನಾಗಿಯೇ ಬೆಳೆಯುತ್ತದೆ. ಆದುದರಿಂದ ಲಕ್ಷದ್ವೀಪ ಪ್ರವಾಸಕ್ಕೆ ಹೋಗುವ ಸದಸ್ಯರು ಹವಳದ ಮೇಲೆ ಕಾಲಿಡಬಾರದು. ನೆನಪಿಗೆಂದು ಒಂದು ತುಂಡನ್ನೂ ತರಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧವೂ ಹೌದು.

– ಕಾರ್ಯದರ್ಶಿ